ಕಣ್ಣೆದುರಿನ ಕೋಟೆತೆನೆ: ಅರೆತಲೆನೋವಿಗೆ ಮೊದಲು ಬೀಸುವ ‘ಗಾಳಿ’

ಹೆಬ್ಬಗೋಡಿಯ ಸುತ್ತಮುತ್ತಲಿನ ಯಾವುದಾದರೂ ಒಂದು ಗಾರ್ಮೆಂಟ್ಸ್ ಕಾರ್ಖಾನೆ ಎಂದಿಟ್ಟುಕೊಳ್ಳೋಣ. ಬೆಳಗಿನ ಪಾಳಿ ಶುರುವಾಗಿ ಎರಡು ಗಂಟೆ ಆಗಿದೆ. ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳಿಗೆ ಇದ್ದಕ್ಕಿದ್ದಂತೆ ಸೂಜಿಯ ಪಕ್ಕದ ಬಟ್ಟೆ ಕಾಣುವುದಿಲ್ಲ. ಕಣ್ಣುಜ್ಜಿಕೊಂಡರೂ ಆ ಖಾಲಿ ಜಾಗ ಹೋಗುವುದಿಲ್ಲ. ನಿಧಾನವಾಗಿ ಅದರ ಅಂಚು ಮಿನುಗತೊಡಗುತ್ತದೆ. ರೇಷ್ಮೆ ಸೀರೆಯ ಗೋಪುರದಂಚಿನಂತೆ ಅಂಕುಡೊಂಕಾದ ಒಂದು ಬೆಳಕಿನ ಗೆರೆ ಹಿಗ್ಗುತ್ತಾ, ಬಾಗುತ್ತಾ ಪಕ್ಕಕ್ಕೆ ಸರಿಯುತ್ತದೆ. ಇಪ್ಪತ್ತು ನಿಮಿಷಕ್ಕೆಲ್ಲ ಅದು ಮಾಯ. ಆಮೇಲೆ ಶುರುವಾಗುತ್ತದೆ ತಲೆಯ ಒಂದು ಪಾರ್ಶ್ವದಲ್ಲಿ ಸುತ್ತಿಗೆಯೇಟಿನಂಥ ನೋವು, ವಾಕರಿಕೆ. ‘ಕಣ್ಣು ಪರೀಕ್ಷೆ ಮಾಡಿಸಮ್ಮಾ, ಕನ್ನಡಕ ಬೇಕೇನೋ’ ಎನ್ನುತ್ತಾರೆ ಮೇಲ್ವಿಚಾರಕರು.

ರಾಗಿಹಳ್ಳಿಯ ಕಡೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಇನ್ನೊಬ್ಬರಿಗೆ ಬೆರಳ ತುದಿ ಜೋಮು ಹಿಡಿದು, ಅದು ಮೊಣಕೈಗೆ ಏರಿ, ತುಟಿಯ ತನಕ ಬರುತ್ತದೆ. ಮನೆಯವರು ಲಕ್ವ ಹೊಡೆಯಿತೆಂದು ಹೆದರುತ್ತಾರೆ. ಜಿಗಣಿಯ ಕಾರ್ಖಾನೆಯೊಂದರ ಗೇಟಿನಲ್ಲಿ ರಾತ್ರಿಪಾಳಿ ಮುಗಿಸುತ್ತಿರುವ ಹೊರರಾಜ್ಯದ ಕಾವಲುಗಾರನಿಗೆ ಕಾಲು ಗಂಟೆ ಕಾಲ ಬೇಕಾದ ಮಾತು ನಾಲಗೆಗೆ ಬರುವುದಿಲ್ಲ. ಕುಡಿದಿದ್ದಾನೆಂದು ನೋಡಿದವರು ತೀರ್ಮಾನಿಸುತ್ತಾರೆ. ಇಂಥದ್ದೇ ಅನುಭವ ಹನ್ನೆರಡು ವರ್ಷದ ಹುಡುಗಿಗೆ ಆದರೆ, ‘ಗಾಳಿ ಸೋಕಿದೆ’ ಎಂದು ಅಂತ್ರ ಕಟ್ಟಿಸುವ ಅಜ್ಜಿಯರು ಈಗಲೂ ಇದ್ದಾರೆ.

ಇವು ಆನೇಕಲ್ ತಾಲ್ಲೂಕಿನಲ್ಲಿ ಯಾರಿಗೆ ಬೇಕಾದರೂ ಎದುರಾಗಬಹುದಾದ ಪ್ರಸಂಗಗಳು. ಒಬ್ಬರನ್ನು ಕಣ್ಣಿನ ಅಂಗಡಿಗೆ, ಇನ್ನೊಬ್ಬರನ್ನು ತುರ್ತು ಚಿಕಿತ್ಸೆಗೆ, ಮತ್ತೊಬ್ಬರನ್ನು ಮಂತ್ರವಾದಿಯ ಬಳಿಗೆ ಕಳಿಸುವ ಈ ನಾಲ್ಕೂ ತೊಂದರೆಗಳ ಹಿಂದೆ ಒಂದೇ ಕಾಯಿಲೆ ಇರಬಹುದು. ವೈದ್ಯರು ಅದನ್ನು ‘ಔರಾ ಸಹಿತ ಮೈಗ್ರೇನ್’ ಎಂದು ಕರೆಯುತ್ತಾರೆ. ಮೈಗ್ರೇನ್ ಇರುವ ಮೂರು ಅಥವಾ ನಾಲ್ಕು ಮಂದಿಯಲ್ಲಿ ಒಬ್ಬರಿಗೆ ಈ ಔರಾ ಬರುತ್ತದೆ. ಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗಿಂತ ಹೆಚ್ಚಿನವರಿಗೆ ಅದು ಕಣ್ಣಿಗೇ ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ ಇಷ್ಟೆ: ಇದು ಎಲ್ಲ ಜನಾಂಗಗಳಲ್ಲೂ ಒಂದೇ ಪ್ರಮಾಣದಲ್ಲಿದೆಯೇ? ಅಥವಾ ಕೆಲವು ಜನರಿಗೆ ಹೆಚ್ಚು, ಕೆಲವರಿಗೆ ಕಡಿಮೆಯೇ? ಅತ್ತಿಬೆಲೆಯಿಂದ ಬೊಮ್ಮಸಂದ್ರದವರೆಗೆ ಕನ್ನಡ, ತೆಲುಗು, ತಮಿಳರ ಜತೆಗೆ ಒಡಿಯಾ, ಬಂಗಾಳಿ, ಅಸ್ಸಾಮಿ, ಹಿಂದಿ ಮಾತನಾಡುವವರೂ ಒಂದೇ ಸೂರಿನಡಿ ದುಡಿಯುವ ತಾಲ್ಲೂಕಿನಲ್ಲಿ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ.

ಅರ್ಧಕ್ಕೆ ಹೆಸರುಂಟು, ಬೆಳಕಿಗಿಲ್ಲ

ತಲೆಯ ಅರ್ಧಭಾಗ ಮಾತ್ರ ನೋಯುವುದನ್ನು ಮನುಷ್ಯ ಬಹಳ ಹಿಂದೆಯೇ ಗಮನಿಸಿದ್ದಾನೆ. ಚರಕ, ಸುಶ್ರುತ ಸಂಹಿತೆಗಳಲ್ಲಿ ಅದು ‘ಅರ್ಧಾವಭೇದಕ’. ಸೂರ್ಯನೊಂದಿಗೆ ಏರಿ, ಸೂರ್ಯನೊಂದಿಗೆ ಇಳಿಯುವ ತಲೆನೋವಿಗೆ ಅಲ್ಲಿ ‘ಸೂರ್ಯಾವರ್ತ’ ಎಂಬ ಬೇರೆಯೇ ಹೆಸರಿದೆ. ಗ್ರೀಕರು ‘ಹೆಮಿಕ್ರೇನಿಯಾ’, ಅಂದರೆ ಅರ್ಧ ಕಪಾಲ, ಎಂದರು. ಆ ಪದವೇ ಫ್ರೆಂಚರ ನಾಲಗೆಯಲ್ಲಿ ಸವೆದು ‘ಮೈಗ್ರೇನ್’ ಆಯಿತು. ಕನ್ನಡದ ‘ಅರೆತಲೆನೋವು’ ಹೇಳುವುದೂ ಅದನ್ನೇ. ಹಿಂದಿಯಲ್ಲಿ ‘ಆಧಾಸೀಸಿ’, ಬಂಗಾಳಿಯಲ್ಲಿ ‘ಆಧಕಪಾಲಿ’, ತಮಿಳಿನಲ್ಲಿ ‘ಒಟ್ರೈ ತಲೈವಲಿ’, ತೆಲುಗಿನಲ್ಲಿ ‘ಪಾರ್ಶ್ವಪು ನೊಪ್ಪಿ’. ಆನೇಕಲ್ಲಿನ ಒಂದು ಕಾರ್ಖಾನೆಯ ಊಟದ ಮನೆಯಲ್ಲಿ ಕಿವಿಗೆ ಬೀಳಬಹುದಾದ ಇಷ್ಟೂ ಭಾಷೆಗಳು ಈ ನೋವನ್ನು ಅರ್ಧ ಅಥವಾ ಒಂದು ಪಕ್ಕ ಎಂದೇ ಗುರುತಿಸಿವೆ. ಜಾತಿ, ಭಾಷೆ, ಸೀಮೆಗಳನ್ನು ದಾಟಿ ನೋವು ಒಂದೇ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷ್ಯ ಬೇಕಿಲ್ಲ.

ಆದರೆ ಈ ಹೆಸರುಗಳೆಲ್ಲ ನೋವನ್ನು ಹೇಳುತ್ತವೆ. ಅದಕ್ಕೆ ಮುಂಚೆ ಬರುವ ಬೆಳಕನ್ನು ಹೇಳುವುದಿಲ್ಲ. ಕನ್ನಡದಲ್ಲಿ ‘ಕಣ್ಣು ಕತ್ತಲೆ ಬಂತು’, ‘ಕಣ್ಣು ಮಂಜಾಯಿತು’ ಎನ್ನುತ್ತೇವೆ. ಉಪವಾಸವಿದ್ದು ಎದ್ದುನಿಂತಾಗ ಬರುವುದಕ್ಕೂ ಅದೇ ಮಾತು, ಔರಾಕ್ಕೂ ಅದೇ ಮಾತು. ಹೀಗಾಗಿ ರೋಗಿ ಹೇಳಿದರೂ ಕೇಳುವವರಿಗೆ ಅದು ತಲುಪುವುದಿಲ್ಲ.

‘ಔರಾ’ ಎಂಬ ಪದದ ಹಿನ್ನೆಲೆ ಸ್ವಾರಸ್ಯದ್ದು. ಗ್ರೀಕಿನಲ್ಲಿ ಅದರ ಅರ್ಥ ತೆಳುವಾಗಿ ಬೀಸುವ ಗಾಳಿ. ಮೂರ್ಛೆ ರೋಗವಿದ್ದ ತರುಣನೊಬ್ಬ, ಸೆಳವು ಬರುವ ಮೊದಲು ತಣ್ಣನೆಯ ಗಾಳಿಯಂಥದ್ದು ಮೈಮೇಲೆ ಏರಿಬರುತ್ತದೆ ಎಂದು ಹೇಳಿದ್ದನ್ನು ಎರಡನೇ ಶತಮಾನದ ವೈದ್ಯ ಗೇಲೆನ್ ದಾಖಲಿಸಿದ್ದಾನೆ. ಮುಂದೆ ಆ ‘ಗಾಳಿ’ಯೇ ವೈದ್ಯಕೀಯ ಪದವಾಗಿ ಉಳಿಯಿತು. ನಮ್ಮ ಹಳ್ಳಿಗಳ ಅಜ್ಜಿ ‘ಗಾಳಿ’ ಎನ್ನುತ್ತಾಳೆ. ನರರೋಗ ತಜ್ಞರೂ ಗ್ರೀಕಿನಲ್ಲಿ ‘ಗಾಳಿ’ ಎಂದೇ ಬರೆದುಕೊಳ್ಳುತ್ತಾರೆ! ವ್ಯತ್ಯಾಸವಿರುವುದು ಹೆಸರಿನಲ್ಲಲ್ಲ. ಅದು ಎಲ್ಲಿಂದ ಬೀಸುತ್ತದೆ ಎಂಬ ತಿಳಿವಳಿಕೆಯಲ್ಲಿ.

ನಿಮಿಷಕ್ಕೆ ಎರಡು ರಾಗಿಕಾಳು

ಈ ಗಾಳಿ ಬೀಸುವುದು ಮಿದುಳಿನ ಹಿಂಭಾಗದಿಂದ. ಅದನ್ನು ಪತ್ತೆಹಚ್ಚಿದವರಲ್ಲಿ ಹಲವರು ಸ್ವತಃ ಔರಾ ಕಂಡವರೇ. ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಏರಿ ತನಗೆ ಆಗಾಗ ಅರ್ಧ ದೃಷ್ಟಿ ಮಸುಕಾಗುವ ಬಗ್ಗೆ 1865ರಲ್ಲಿ ಬರೆದರು. ಅವರ ಮಗ, ವೈದ್ಯ ಹ್ಯೂಬರ್ಟ್ ಏರಿಗೂ ಅದೇ ತೊಂದರೆ ಇತ್ತು. ಆತ 1870ರಲ್ಲಿ ತನಗೆ ಕಂಡದ್ದನ್ನು ನಿಮಿಷ ನಿಮಿಷಕ್ಕೂ ಚಿತ್ರವಾಗಿ ಬರೆದು ಪ್ರಕಟಿಸಿದರು. ಸಣ್ಣ ಚುಕ್ಕೆಯಿಂದ ಹುಟ್ಟಿ, ಹಿಗ್ಗುತ್ತಾ ಹೋಗುವ ಆ ಅಂಕುಡೊಂಕು ಬಳೆ ಅವರಿಗೆ ಕೊತ್ತಳಗಳಿರುವ ಕೋಟೆಯ ಗೋಡೆಯಂತೆ ಕಂಡಿತು. ಆ ಚಿತ್ರಗಳನ್ನು ಇಂದು ಯಾವ ದೇಶದ ಔರಾ ರೋಗಿಗೆ ತೋರಿಸಿದರೂ ‘ಇದೇ ನೋಡಿ’ ಎಂದು ಗುರುತಿಸಬಲ್ಲರು. ನಮ್ಮಲ್ಲಿ ಹಳೆಯ ಕೋಟೆ ನೋಡಿದವರು ಅದನ್ನು ‘ಕೋಟೆಯ ತೆನೆ’ ಎಂದಾರು.

1941ರಲ್ಲಿ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತಮ್ಮ ಔರಾ ದೃಷ್ಟಿಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ದೂರ ಸರಿಯುತ್ತದೆ ಎಂದು ಅಳೆದರು. ದೃಷ್ಟಿಗೆ ಸಂಬಂಧಿಸಿದ ಮಿದುಳಿನ ಹೊರಪದರದ ಅಳತೆಗೆ ಅದನ್ನು ಹೊಂದಿಸಿದಾಗ ಸಿಕ್ಕಿದ ವೇಗ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್. ನಿಮಿಷಕ್ಕೆ ಎರಡು ರಾಗಿಕಾಳನ್ನು ಒಂದರ ಪಕ್ಕ ಒಂದು ಇಟ್ಟಷ್ಟು ದೂರ! ಮೂರು ವರ್ಷಗಳ ನಂತರ, 1944ರಲ್ಲಿ, ಬ್ರೆಜಿಲ್ ಮೂಲದ ಅರಿಸ್ಟೈಡಿಸ್ ಲಿಯಾವೊ ಹಾರ್ವರ್ಡ್‌ನಲ್ಲಿ ಮೊಲಗಳ ಮಿದುಳನ್ನು ಪರೀಕ್ಷಿಸುತ್ತಿದ್ದಾಗ ಹೆಚ್ಚುಕಡಿಮೆ ಅದೇ ವೇಗದಲ್ಲಿ ಹರಡುವ ಅಲೆಯೊಂದನ್ನು ಕಂಡರು. ಅಲೆಯ ಮುಂಚೂಣಿಯಲ್ಲಿ ನರಕೋಶಗಳು ಒಮ್ಮೆ ಕೆರಳುತ್ತವೆ, ಅಲೆ ದಾಟಿದ ಮೇಲೆ ಕೆಲವು ನಿಮಿಷ ಮೌನವಾಗುತ್ತವೆ. ಕೆರಳಿದಾಗ ಬೆಳಕಿನ ಗೆರೆ, ಮೌನವಾದಾಗ ಕಾಣದ ಜಾಗ. 2001ರಲ್ಲಿ ಔರಾ ನಡೆಯುತ್ತಿರುವಾಗಲೇ ರೋಗಿಗಳ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿ ನೋಡಿದ ವಿಜ್ಞಾನಿಗಳಿಗೆ, ರಕ್ತಸಂಚಾರದ ಬದಲಾವಣೆ ಅದೇ ಮಂದಗತಿಯಲ್ಲಿ ಹರಿದುಹೋಗುವುದು ಕಂಡಿತು.

ಅಲೆ ದೃಷ್ಟಿಯ ಭಾಗ ದಾಟಿ ಸ್ಪರ್ಶದ ಭಾಗ ತಲುಪಿದರೆ ಬೆರಳಿನಿಂದ ತುಟಿಗೆ ಜೋಮು, ಮಾತಿನ ಭಾಗ ತಲುಪಿದರೆ ಪದಗಳ ತಡವರಿಕೆ. ರಾಗಿಹಳ್ಳಿಯ ರೈತನಿಗೂ ಜಿಗಣಿಯ ಕಾವಲುಗಾರನಿಗೂ ಆದದ್ದು ಇದೇ. ಅಲೆ ಹರಡುವ ರೀತಿ ಎಲ್ಲ ಜನಾಂಗಗಳಲ್ಲೂ ಒಂದೇ. ಹಾಗಿದ್ದರೆ ಲೆಕ್ಕ ಮಾತ್ರ ಏಕೆ ಬೇರೆ ಬೇರೆ ಬರುತ್ತದೆ?

ಒಂದೇ ಬೆಂಗಳೂರು, ಎರಡು ಲೆಕ್ಕ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಕೌಂಟಿಯಲ್ಲಿ 12,328 ಜನರನ್ನು ದೂರವಾಣಿಯ ಮೂಲಕ ವಿಚಾರಿಸಿದ ಸಮೀಕ್ಷೆಯೊಂದು 1996ರಲ್ಲಿ ಪ್ರಕಟವಾಯಿತು. ಮೈಗ್ರೇನ್ ಇದ್ದ ಮಹಿಳೆಯರ ಪ್ರಮಾಣ ಬಿಳಿಯರಲ್ಲಿ ಶೇ 20.4, ಆಫ್ರಿಕಾ ಮೂಲದವರಲ್ಲಿ ಶೇ 16.2, ಏಷ್ಯಾ ಮೂಲದವರಲ್ಲಿ ಶೇ 9.2 ಎಂದು ಅದು ಹೇಳಿತು. ಪುರುಷರಲ್ಲೂ ಇದೇ ಕ್ರಮ. ಮರುವರ್ಷ ಜಪಾನಿನ ರಾಷ್ಟ್ರವ್ಯಾಪಿ ಸಮೀಕ್ಷೆ ಶೇ 8.4 ಎಂದಿತು. ಏಷ್ಯಾದವರಿಗೆ ಮೈಗ್ರೇನ್ ಕಡಿಮೆ, ಅದು ರಕ್ತದಲ್ಲೇ ಬಂದದ್ದು ಎಂಬ ಅಭಿಪ್ರಾಯಕ್ಕೆ ಇವು ಬಲ ಕೊಟ್ಟವು.

ಆದರೆ ‘ಏಷ್ಯಾದವರು’ ಎಂದರೆ ಯಾರು? ಟೋಕಿಯೊದ ಗುಮಾಸ್ತನೂ ಆನೇಕಲ್ಲಿನ ರೇಷ್ಮೆ ನೇಕಾರನೂ ಒಂದೇ ಖಾನೆಗೆ ಸೇರುತ್ತಾರೆಯೇ? ನಿಮ್ಹಾನ್ಸ್ ತಜ್ಞರು ವಿದೇಶಿ ಸಂಶೋಧಕರ ಜತೆಗೂಡಿ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ನಡೆಸಿದರು. ನಗರದ 1,226, ಗ್ರಾಮಾಂತರದ 1,103 ವಯಸ್ಕರನ್ನು ಮಾತನಾಡಿಸಿದ ಈ ಸಮೀಕ್ಷೆಯ ಫಲಿತಾಂಶ 2015ರಲ್ಲಿ ಹೊರಬಂತು. ಹಿಂದಿನ ಒಂದು ವರ್ಷದಲ್ಲಿ ಯಾವುದಾದರೂ ಬಗೆಯ ತಲೆನೋವು ಅನುಭವಿಸಿದವರು ಶೇ 63.9. ಮೈಗ್ರೇನ್ ಇದ್ದವರು ಶೇ 25.2, ಅಂದರೆ ನಾಲ್ವರಲ್ಲಿ ಒಬ್ಬರು. ಆಗಿನ ಜಾಗತಿಕ ಸರಾಸರಿ ಶೇ 14.7. ಅದೇ ವರ್ಷ ಪ್ರಕಟವಾದ ನೇಪಾಳದ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 34ರಷ್ಟಿತ್ತು. ‘ಏಷ್ಯಾದವರಿಗೆ ಕಡಿಮೆ’ ಎಂಬ ಮಾತು ಅಲ್ಲಿಗೆ ನಿಲ್ಲಲಿಲ್ಲ.

ಇನ್ನೊಂದು ನಂಬಿಕೆಯೂ ಈ ಸಮೀಕ್ಷೆಯಿಂದ ಸಡಿಲವಾಯಿತು. ಮೈಗ್ರೇನ್ ಎಂದರೆ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವವರ ಕಾಯಿಲೆ ಎಂದು ಅನೇಕರು ತಿಳಿದಿದ್ದಾರೆ. ಆದರೆ ಸಮೀಕ್ಷೆಯಲ್ಲಿ ನಗರದವರಿಗಿಂತ ಹಳ್ಳಿಯವರಲ್ಲೇ ಮೈಗ್ರೇನ್ ಹೆಚ್ಚಾಗಿ ಕಂಡುಬಂತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹೆಸರು ಗೊತ್ತಿರುವುದು ಕಚೇರಿಯವರಿಗೆ, ನೋವು ಹೆಚ್ಚಿರುವುದು ಹೊಲದವರಿಗೆ.

ಈಗ ಇನ್ನೂ ಇಪ್ಪತ್ತು ವರ್ಷ ಹಿಂದಕ್ಕೆ ಹೋಗೋಣ. 1990ರ ದಶಕದಲ್ಲಿ ಡಾ. ಎಂ. ಗೌರಿದೇವಿ, ಡಾ. ಜಿ. ಗುರುರಾಜ್, ಡಾ. ಪಿ. ಸತೀಶ್‌ಚಂದ್ರ ಮತ್ತಿತರ ನಿಮ್ಹಾನ್ಸ್ ತಜ್ಞರು ಬೆಂಗಳೂರು ಜಿಲ್ಲೆಯ ನಗರ, ಗ್ರಾಮಗಳ 1,02,557 ಜನರನ್ನು ನರರೋಗಗಳಿಗಾಗಿ ಪರೀಕ್ಷಿಸಿದ್ದರು. 2004ರಲ್ಲಿ ಪ್ರಕಟವಾದ ಆ ವರದಿಯಲ್ಲೂ ನರಸಂಬಂಧಿ ಕಾಯಿಲೆಗಳಲ್ಲಿ ತಲೆನೋವಿಗೇ ಮೊದಲ ಸ್ಥಾನ. ಅಲ್ಲೂ ಹಳ್ಳಿಗಳಲ್ಲಿ ನರರೋಗದ ಪ್ರಮಾಣ ನಗರದ ಸುಮಾರು ಎರಡರಷ್ಟು. ಆದರೆ ತಲೆನೋವಿನ ಲೆಕ್ಕ ಮಾತ್ರ ಲಕ್ಷಕ್ಕೆ 1,119, ಅಂದರೆ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಒಂದೇ ಊರು, ಅದೇ ಜನ, ಅದೇ ಸಂಸ್ಥೆ. ಒಂದು ಲೆಕ್ಕ ಶೇ 1, ಇನ್ನೊಂದು ಶೇ 64!

ಇಷ್ಟರಲ್ಲಿ ಬೆಂಗಳೂರಿಗರ ರಕ್ತ ಬದಲಾಗಲಿಲ್ಲ. ಬದಲಾದದ್ದು ಪ್ರಶ್ನೆ. ಮೊದಲನೆಯದು ಮಕ್ಕಳು ಮುದುಕರೆನ್ನದೆ ಎಲ್ಲರನ್ನೂ ಸೇರಿಸಿ, ಮೂರ್ಛೆ, ಲಕ್ವ ಮೊದಲಾದ ಅನೇಕ ಕಾಯಿಲೆಗಳನ್ನು ಒಟ್ಟಿಗೆ ಹುಡುಕಿದ ಸಮೀಕ್ಷೆ. ಅಂಥ ಕಡೆ ಯಾರೂ ತಲೆನೋವನ್ನು ದೊಡ್ಡದು ಮಾಡಿ ಹೇಳುವುದಿಲ್ಲ. ಎರಡನೆಯದು 18ರಿಂದ 65 ವರ್ಷದವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ತಲೆನೋವಿನ ಬಗ್ಗೆಯೇ ಕೇಳಿದ ಸಮೀಕ್ಷೆ. ಇಥಿಯೋಪಿಯಾದಲ್ಲೂ ಹೀಗೆಯೇ ಆಗಿದೆ. 1995ರಲ್ಲಿ ಅಲ್ಲಿನ ಗ್ರಾಮೀಣ ಪ್ರದೇಶವೊಂದರಲ್ಲಿ ಮೈಗ್ರೇನ್ ಶೇ 3 ಎಂದು ವರದಿಯಾಗಿತ್ತು. ಆಫ್ರಿಕನ್ನರಿಗೆ ಈ ಕಾಯಿಲೆ ಕಡಿಮೆ ಎಂದು ಪುಸ್ತಕಗಳೂ ಬರೆದವು. 2016ರ ಸಮೀಕ್ಷೆಯಲ್ಲಿ ಅದೇ ದೇಶದ ಪ್ರಮಾಣ ಶೇ 17.7.

ಹಾಗೆಂದು ಎಲ್ಲ ವ್ಯತ್ಯಾಸವೂ ಪ್ರಶ್ನೆಯದೇ ಎನ್ನಲಾಗದು. ಜಪಾನ್, ಚೀನಾಗಳಲ್ಲಿ ವ್ಯವಸ್ಥಿತವಾಗಿ ಕೇಳಿದಾಗಲೂ ಪ್ರಮಾಣ ಶೇ 8ರಿಂದ 9ರ ಆಸುಪಾಸಿನಲ್ಲೇ ಉಳಿದಿದೆ. ಆದರೆ ಗಮನಿಸಬೇಕಾದ ಒಂದು ಅಂಶವುಂಟು. ಜಪಾನಿನ ಶೇ 8.4ರಲ್ಲಿ ಔರಾ ಇದ್ದವರು ಶೇ 2.6, ಅಂದರೆ ಮೂರರಲ್ಲಿ ಒಂದು ಪಾಲು. ಐರೋಪ್ಯರಲ್ಲಿ ಕಾಣುವ ಪಾಲೂ ಅದೇ. ಮೈಗ್ರೇನ್ ಎಷ್ಟು ಮಂದಿಗೆ ಬರುತ್ತದೆಂಬುದು ದೇಶದಿಂದ ದೇಶಕ್ಕೆ ಬದಲಾದರೂ, ಬಂದವರಲ್ಲಿ ಔರಾ ಕಾಣುವ ಪಾಲು ಅಷ್ಟಾಗಿ ಬದಲಾಗಿಲ್ಲ.

ವಂಶವಾಹಿ ಹೇಳುವುದೆಷ್ಟು, ಬಚ್ಚಲುಮನೆ ಹೇಳುವುದೆಷ್ಟು

ಮೈಗ್ರೇನ್ ಮನೆತನದಲ್ಲಿ ಹರಿದುಬರುವುದು ನಿಜ. ಏರಿ ತಂದೆಮಗನ ಕಥೆಯೇ ಅದಕ್ಕೆ ಉದಾಹರಣೆ. 2022ರಲ್ಲಿ ಪ್ರಕಟವಾದ, 1,02,084 ಮೈಗ್ರೇನ್ ರೋಗಿಗಳ ವಂಶವಾಹಿಗಳನ್ನು ತುಲನೆ ಮಾಡಿದ ಅಧ್ಯಯನ, ಈ ಕಾಯಿಲೆಗೆ ಸಂಬಂಧವಿರುವ 123 ತಾಣಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ಅಲ್ಪ. ಎಲ್ಲ ಸೇರಿದಾಗಲೇ ಒಲವು ಮೂಡುವುದು. ಆದರೆ ಅದರಲ್ಲಿದ್ದವರು ಬಹುಪಾಲು ಐರೋಪ್ಯ ಮೂಲದವರು. ಅವರ ನಕ್ಷೆ ಹಿಡಿದು ನಮ್ಮ ಊರಿನಲ್ಲಿ ದಾರಿ ಹುಡುಕಲಾಗದು.

ಜನಾಂಗಗಳ ನಡುವೆ ನಿಜವಾದ ವ್ಯತ್ಯಾಸ ಕಂಡಿರುವ ಒಂದು ತಾಣವೆಂದರೆ ಚರ್ಮಕ್ಕೆ ತಂಪನ್ನು ತಿಳಿಸುವ ವಂಶವಾಹಿ. ಅದರ ಒಂದು ರೂಪ ನೈಜೀರಿಯಾ ಮೂಲದವರಲ್ಲಿ ಶೇ 5ರಷ್ಟಿದ್ದರೆ ಫಿನ್ಲೆಂಡ್ ಮೂಲದವರಲ್ಲಿ ಶೇ 88ರಷ್ಟಿದೆ ಎಂದು 2018ರ ಅಧ್ಯಯನವೊಂದು ತೋರಿಸಿತು. ಚಳಿನಾಡಿನಲ್ಲಿ ಬದುಕಲು ನೆರವಾದ ಆ ರೂಪಕ್ಕೂ ಮೈಗ್ರೇನಿಗೂ ನಂಟಿದೆ. ಚಳಿಗೆ ಒಗ್ಗಿಕೊಂಡದ್ದಕ್ಕೆ ತೆತ್ತ ಬೆಲೆ ಅದಿರಬಹುದೆಂದು ವಿಜ್ಞಾನಿಗಳ ಊಹೆ. ಆದರೆ ಇದೊಂದೇ ಕಾರಣವಾಗಿದ್ದರೆ ಬೆಚ್ಚನೆಯ ಕರ್ನಾಟಕದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇರಬಾರದಿತ್ತು. ಇಲ್ಲಿನ ಹೆಚ್ಚಳಕ್ಕೆ ಸಂಸ್ಕೃತಿ, ಜೀವನಕ್ರಮ, ಪರಿಸರಗಳೇ ಬಹುಶಃ ಕಾರಣ ಎಂದು 2015ರ ಸಮೀಕ್ಷೆಯ ತಜ್ಞರು ಅಭಿಪ್ರಾಯಪಟ್ಟಿದ್ದಾರೆ.

ಆಚಾರಕ್ಕೂ ಮಿದುಳಿಗೂ ಇರುವ ನಂಟಿಗೆ ಕನ್ನಡನಾಡಿನಲ್ಲೇ ಪ್ರಸಿದ್ಧ ನಿದರ್ಶನವೊಂದಿದೆ. ಹಂಡೆಯ ಕುದಿಯುವಂಥ ನೀರನ್ನು ಚೊಂಬು ಚೊಂಬಾಗಿ ತಲೆಗೆ ಸುರಿದುಕೊಳ್ಳುವಾಗ ಕೆಲವರಿಗೆ ಮೂರ್ಛೆ ಬರುತ್ತದೆ. ‘ಬಿಸಿನೀರಿನ ಅಪಸ್ಮಾರ’ ಎಂಬ ಇದು ಜಗತ್ತಿನಲ್ಲೇ ಅಪರೂಪ. ಆದರೆ ದಕ್ಷಿಣ ಕರ್ನಾಟಕದ ವೈದ್ಯರಿಗೆ ಚಿರಪರಿಚಿತ. ಡಾ. ಸತೀಶ್‌ಚಂದ್ರ ಮತ್ತು ಸಂಗಡಿಗರು ಇಂಥ 279 ರೋಗಿಗಳ ವಿವರಗಳನ್ನು 1988ರಲ್ಲಿ ಪ್ರಕಟಿಸಿದರು. ಕೆಲವು ಕುಟುಂಬಗಳಲ್ಲಿ ಇದು ಒಬ್ಬರಿಗಿಂತ ಹೆಚ್ಚು ಜನರಿಗಿದೆ. ಒಲವು ವಂಶದ್ದು, ಕಿಡಿ ಬಚ್ಚಲುಮನೆಯದು. ಮೈಗ್ರೇನಿಗೂ ತಲೆಸ್ನಾನಕ್ಕೂ ಇರುವ ನಂಟನ್ನು ಮುಂಬಯಿಯ ಡಾ. ಕೆ. ರವಿಶಂಕರ್ 2006ರಲ್ಲಿ 94 ಭಾರತೀಯ ರೋಗಿಗಳನ್ನು ಗಮನಿಸಿ ದಾಖಲಿಸಿದರು. ‘ತಲೆಗೆ ನೀರು ಹಾಕಿಕೊಂಡರೆ ಅರೆತಲೆನೋವು ಬರುತ್ತೆ’ ಎಂದು ನಮ್ಮ ಹೆಂಗಸರು ಹೇಳುತ್ತಿದ್ದುದು ವೈದ್ಯಕೀಯ ಪತ್ರಿಕೆಗೆ ಏರಲು ಅಷ್ಟು ಕಾಲ ಬೇಕಾಯಿತು. ಪಶ್ಚಿಮದ ಪಠ್ಯಗಳಲ್ಲಿ ಕೆಂಪು ವೈನ್, ಚೀಸ್, ಚಾಕೊಲೇಟ್‌ಗಳ ಪಟ್ಟಿ ಇರುತ್ತದೆ. ಇಲ್ಲಿ ಕೇಳಬೇಕಾದ್ದು ಬಿಸಿಲು, ಉಪವಾಸ, ತಲೆಸ್ನಾನ, ವಾರ ವಾರ ಬದಲಾಗುವ ಪಾಳಿಯಿಂದ ಕೆಟ್ಟ ನಿದ್ದೆ.

ಕೇಳದೆ ಬಿಟ್ಟರೆ ಏನಾಗುತ್ತದೆ?

ಔರಾ ಬಂದು ಹೋಗುವ ಬೆಳಕಷ್ಟೇ ಆಗಿದ್ದರೆ ಇಷ್ಟು ವಿವರ ಬೇಕಿರಲಿಲ್ಲ. ಔರಾ ಸಹಿತ ಮೈಗ್ರೇನ್ ಇರುವವರಿಗೆ, ರಕ್ತನಾಳ ಕಟ್ಟಿಕೊಂಡು ಆಗುವ ಪಾರ್ಶ್ವವಾಯುವಿನ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು ಎಂದು ಹಲವು ಅಧ್ಯಯನಗಳು ಹೇಳಿವೆ. ಎಳೆಯ ವಯಸ್ಸಿನಲ್ಲಿ ಪಾರ್ಶ್ವವಾಯು ಅಪರೂಪವಾದ್ದರಿಂದ ಎರಡು ಪಟ್ಟಾದರೂ ಆ ಸಂಭವ ಚಿಕ್ಕದೇ, ಗಾಬರಿ ಬೇಡ. ಆದರೆ ಧೂಮಪಾನ, ರಕ್ತದೊತ್ತಡ ಮತ್ತು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಅದರೊಡನೆ ಸೇರಿದರೆ ಅಪಾಯ ಏರುತ್ತದೆ. ಆದ್ದರಿಂದಲೇ ಔರಾ ಇರುವ ಮಹಿಳೆಗೆ, ಅವಳ ವಯಸ್ಸು ಎಷ್ಟೇ ಇರಲಿ, ಇಂಥ ಮಿಶ್ರ ಹಾರ್ಮೋನ್ ಮಾತ್ರೆ ಕೂಡದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್ ಈ ಬಗೆಯ ಮಾತ್ರೆಯೇ. ಅದು ಲಕ್ಷಾಂತರ ಮಹಿಳೆಯರಿಗೆ ಸುರಕ್ಷಿತ. ಆದರೆ ಕೊಡುವ ಮುನ್ನ ‘ತಲೆನೋವು ಬರುತ್ತದೆಯೇ?’ ಎಂದಷ್ಟೇ ಕೇಳಿದರೆ ಸಾಲದು. ‘ತಲೆನೋವಿಗೆ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಬೆಳಕು ಕಾಣುತ್ತದೆಯೇ?’ ಎಂದು ಕೇಳಿದಾಗ ಮಾತ್ರ ಹೊಲಿಗೆ ಯಂತ್ರದ ಮುಂದಿನ ಆ ಹೆಣ್ಣುಮಗಳು ಲೆಕ್ಕಕ್ಕೆ ಸಿಗುತ್ತಾಳೆ. ಅವಳಿಗೆ ಕಾಪರ್-ಟಿ, ಹಾರ್ಮೋನ್ ಇಲ್ಲದ ಛಾಯಾ ಮಾತ್ರೆ ಮುಂತಾದ ಬೇರೆ ದಾರಿಗಳಿವೆ. ಯಾವುದು ಸೂಕ್ತವೆಂದು ವೈದ್ಯರು ಹೇಳಬೇಕು.

ಎರಡನೆಯ ಅಪಾಯ ಮೆಡಿಕಲ್ ಶಾಪಿನಲ್ಲಿದೆ. ಮೈಗ್ರೇನಿಗೆ ನೋವಿನ ಮಾತ್ರೆಯನ್ನು ಶುರುವಿನಲ್ಲೇ, ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೆ ಗುಣವುಂಟು. ಪದೇ ಪದೇ ಬರುವವರಿಗೆ, ಬಾರದಂತೆ ತಡೆಯುವ ಔಷಧಗಳೂ ಇವೆ. ಅವುಗಳಲ್ಲಿ ಹಲವು ಹಳೆಯವು, ಅಗ್ಗದವು. ಆದರೆ ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ಸಾಮಾನ್ಯ ನೋವಿನ ಮಾತ್ರೆ ನುಂಗಿದರೆ ಮಾತ್ರೆಯೇ ತಲೆನೋವು ತರುತ್ತದೆ. ಕೆಲವು ಬಗೆಯ ಮಾತ್ರೆಗಳಿಗೆ 10 ದಿನವೇ ಮಿತಿ. ಮಾತ್ರೆಯ ಅತಿಬಳಕೆಯಿಂದ ಬಂದದ್ದೆಂದು ತೋರುವ ತಲೆನೋವು 2015ರ ಕರ್ನಾಟಕ ಸಮೀಕ್ಷೆಯಲ್ಲಿ ಶೇ 1.2ರಷ್ಟಿತ್ತು, ಗಂಡಸರಿಗಿಂತ ಹೆಂಗಸರಲ್ಲಿ ಐದು ಪಟ್ಟು, ನಗರಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ರಜೆ ಕೇಳುವ ಬದಲು ಮಾತ್ರೆ ನುಂಗಿ ಕೆಲಸಕ್ಕೆ ಕೂರುವವರು ಯಾರೆಂಬುದು ಈ ಅಂಕಿಯಿಂದ ಊಹೆಗೆ ಸಿಗುತ್ತದೆ.

ಔರಾವನ್ನು ಬೇರೆ ಕಾಯಿಲೆಗಳಿಂದ ಬೇರ್ಪಡಿಸುವುದು ಅದರ ನಿಧಾನಗತಿ. ಅದು ಐದು ನಿಮಿಷಕ್ಕೂ ಹೆಚ್ಚು ಹೊತ್ತು ಮೆಲ್ಲಗೆ ಹರಡುತ್ತದೆ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಒಂದು ಕಣ್ಣು ಮುಚ್ಚಿದರೂ ಇನ್ನೊಂದರಲ್ಲಿ ಕಾಣುತ್ತದೆ, ಏಕೆಂದರೆ ತೊಂದರೆ ಇರುವುದು ಕಣ್ಣಿನಲ್ಲಲ್ಲ. ಮೂರ್ಛೆ ರೋಗದ ಮುನ್ಸೂಚನೆ ಸೆಕೆಂಡುಗಳಲ್ಲಿ, ಹೆಚ್ಚೆಂದರೆ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಲಕ್ವ ಒಮ್ಮೆಲೇ ಹೊಡೆಯುತ್ತದೆ; ಅಲ್ಲಿ ಮಿನುಗುವ ಬೆಳಕಿಗಿಂತ ಕಳೆದುಕೊಂಡದ್ದೇ ಹೆಚ್ಚು. ಆದರೆ ಇಂಥದ್ದು ಜೀವನದಲ್ಲಿ ಮೊದಲ ಬಾರಿ ಆಗಿದ್ದರೆ, ಒಂದು ಗಂಟೆ ದಾಟಿದರೆ, ಕೈಕಾಲಿನ ಬಲ ಕುಂದಿದರೆ ಮನೆಯಲ್ಲಿ ತರ್ಕ ಮಾಡುತ್ತಾ ಕೂರದೆ ಆಸ್ಪತ್ರೆಗೆ ಧಾವಿಸಬೇಕು.

ಸಕಲವಾರ ಕಲಿಸಿದ ಪಾಠ

ಸರಿಯಾದ ಪ್ರಶ್ನೆ ಕೇಳಲು ದೊಡ್ಡ ಆಸ್ಪತ್ರೆ ಬೇಕಿಲ್ಲ ಎಂಬುದನ್ನು ದೇಶಕ್ಕೆ ತೋರಿಸಿಕೊಟ್ಟ ಊರುಗಳಲ್ಲಿ ಒಂದು ಇದೇ ಆನೇಕಲ್ ತಾಲ್ಲೂಕಿನಲ್ಲಿದೆ. ಬನ್ನೇರುಘಟ್ಟ ರಸ್ತೆಯ ಸಕಲವಾರದಲ್ಲಿ ನಿಮ್ಹಾನ್ಸ್ 1970ರ ದಶಕದ ಮಧ್ಯಭಾಗದಲ್ಲಿ ಗ್ರಾಮೀಣ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಮನೋರೋಗ, ಮೂರ್ಛೆ ರೋಗಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಕಾರ್ಯಕರ್ತೆಯರೇ ಗುರುತಿಸಬಲ್ಲರು ಎಂದು ಅಲ್ಲಿ ತರಬೇತಿ ಕೊಟ್ಟು ಪರೀಕ್ಷಿಸಲಾಯಿತು. ಮುಂದೆ ಅದೇ ಅನುಭವ ಬಳ್ಳಾರಿ ಜಿಲ್ಲೆಯಲ್ಲಿ ವಿಸ್ತಾರಗೊಂಡು, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದಲ್ಲಿ ಪಾರ್ಶ್ವವಾಯು, ಅಪಸ್ಮಾರ, ಮರೆವಿನ ಕಾಯಿಲೆಗಳ ಸಾಲಿನಲ್ಲಿ ತಲೆನೋವೂ ಸೇರಿತು.

‘ಗಾಳಿ’ ಎಂದು ಮಂತ್ರವಾದಿಯ ಬಳಿಗೆ ಹೋಗುತ್ತಿದ್ದ ಮೂರ್ಛೆ ರೋಗಿಗಳನ್ನು ನಾಲ್ಕಾರು ಸರಳ ಪ್ರಶ್ನೆಗಳಿಂದ ಚಿಕಿತ್ಸೆಗೆ ತಂದದ್ದು ಸಕಲವಾರದ ಬಗೆಯ ಕೆಲಸ. ಔರಾಕ್ಕೆ ಬೇಕಾದ ಪ್ರಶ್ನೆ ಇನ್ನೂ ಸುಲಭದ್ದು. ಏರಿ 1870ರಲ್ಲಿ ಬರೆದಂಥ ಚಿತ್ರವೊಂದನ್ನು ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸಿದರೂ ಸಾಕು. ಅದಕ್ಕೆ ಭಾಷೆಯ ಹಂಗಿಲ್ಲ. ಕನ್ನಡ ಬಾರದ ಕಾವಲುಗಾರನೂ ಅದರತ್ತ ಬೆರಳು ಮಾಡಿ ತೋರಿಸಬಲ್ಲ.

ಯಾವ ಜನಾಂಗಕ್ಕೆ ಮೈಗ್ರೇನ್ ಹೆಚ್ಚು ಎಂಬ ಪ್ರಶ್ನೆಗೆ ಲೆಕ್ಕಗಳು ಇದುವರೆಗೆ ಕೊಟ್ಟಿರುವ ಉತ್ತರ, ಯಾರನ್ನು ಎಷ್ಟು ಗಮನವಿಟ್ಟು ಕೇಳಿದ್ದೇವೆ ಎಂಬುದರ ಕನ್ನಡಿಯೂ ಹೌದು. ಒಂದು ಕಾಲದಲ್ಲಿ ನೂರಕ್ಕೆ ಒಬ್ಬರಂತೆ ಕಂಡಿದ್ದ ತಲೆನೋವು, ಕುಳಿತು ಕೇಳಿದಾಗ ಮೂವರಲ್ಲಿ ಇಬ್ಬರದಾಯಿತು. ಅದರೊಳಗೆ ಅಡಗಿರುವ ಆ ಅಂಕುಡೊಂಕು ಬೆಳಕು ಬೆಳಕಿಗೆ ಬರಲು ಇನ್ನೂ ಒಂದು ಪ್ರಶ್ನೆ ಬಾಕಿಯಿದೆ.